ಹಾಸನದಲ್ಲೇ ಕೂತು ಲಿಬ್ರೆಆಫೀಸ್ ಬಿಲ್ಡ್ ಮಾಡಬಹುದಾ?

ಪ್ರಶ್ನೆ: ನಾನು ಹಾಸನದಲ್ಲಿ ಬಿಸಿಎ ಕೊನೇ ವರ್ಷ ಓದುತ್ತಿದ್ದೇನೆ. ಪತ್ರ, ಲೆಕ್ಕಪಟ್ಟಿ ಮಾಡುವ ಮುಕ್ತ ಸಾಫ್ಟ್‌ವೇರ್ ಲಿಬ್ರೆಆಫೀಸ್‌ಗೆ ಕೋಡ್ ಬರೆದುಕೊಡಬೇಕು ಅಂತ ಆಸೆ. 8 ಜಿಬಿ ರ್‍ಯಾಮ್ ಇರುವ ಉಬುಂಟು ಲ್ಯಾಪ್‌ಟಾಪಿನಲ್ಲಿ ಸೋರ್ಸ್ (ಮೂಲ ಕೋಡ್) ಇಳಿಸಿಕೊಂಡು, ಅದನ್ನು ಓಡುವ ಪ್ರೋಗ್ರಾಮಾಗಿ ಕಟ್ಟಲು, ಅಂದರೆ ಬಿಲ್ಡ್ ಮಾಡಲು, ‘ಮೇಕ್’ ಕಮಾಂಡ್ ಕೊಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ‘ಎರರ್ 2’ ಅಂತ ನಿಂತಿತ್ತು. ಎರಡು ಸಲ ಹೀಗೇ ಆಯಿತು. ಬೆಂಗಳೂರಿಗೆ ಹೋಗದೆ, ಕಂಪನಿ ಸೇರದೆ ಇದೆಲ್ಲ ಆಗುವ ಕೆಲಸವಾ?

ಆಗುತ್ತದೆ. ನಾನೂ ಇದೇ ಜಿಲ್ಲೆಯವನು. ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಹಗಲೆಲ್ಲ ಅಫಿಡವಿಟ್, ಬಾಡಿಗೆ ಕರಾರು, ಲಗ್ನಪತ್ರಿಕೆ. ಓದಿದ್ದು ಡಿಪ್ಲೊಮಾ. ಲಿಬ್ರೆಆಫೀಸ್‌ನ ಕೋಡಿನಲ್ಲಿ ನನ್ನವೂ ಕೆಲವು ಸಣ್ಣ ಬದಲಾವಣೆಗಳಿವೆ. ತೀರಾ ಸಣ್ಣವು. ಆದರೆ ಅಲ್ಲಿಗೆ ತಲುಪುವ ದಾರಿಯಲ್ಲಿ ನೀವು ಈಗ ನಿಂತಿರುವ ಕಡೆ ನಾನು ಒಂದು ತಿಂಗಳು ನಿಂತಿದ್ದೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನಿಮ್ಮ ‘ಎರರ್ 2’. ಅದು ಎರರ್ ಅಲ್ಲ. ‘ಒಳಗೆಲ್ಲೋ ಏನೋ ಕೆಟ್ಟಿತು, ನಾನು ನಿಲ್ಲಿಸಿದೆ’ ಎಂದು ಮೇಕ್ ಹೇಳುವ ರೀತಿ ಅಷ್ಟೇ. ನಿಜವಾದ ತಪ್ಪು ಅದಕ್ಕಿಂತ ಎಷ್ಟೋ ಸಾಲು ಮೇಲಿರುತ್ತದೆ. ಮೇಕ್ ಒಂದೇ ಹೊತ್ತಿಗೆ ನಾಲ್ಕು ಕೆಲಸ ಹಚ್ಚಿರುತ್ತದೆ ಅಲ್ವಾ? ಒಂದು ಕೆಟ್ಟರೂ ಉಳಿದ ಮೂರು ತಮ್ಮ ಪಾಡಿಗೆ ಸಾಲು ಸಾಲು ಕಕ್ಕುತ್ತಿರುತ್ತವೆ. ತಪ್ಪು ಅದರಡಿ ಹೂತು ಹೋಗುತ್ತದೆ. ಇದಕ್ಕೆ ಸುಲಭದ ಉಪಾಯ: ನಿಂತ ಮೇಲೆ ಒಂದೇ ಕೆಲಸದ ಲೆಕ್ಕದಲ್ಲಿ ಮತ್ತೆ ಮೇಕ್ ಕೊಡಿ. ಬೇಗ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಈ ಸಲ ತಪ್ಪು ಕಣ್ಣೆದುರೇ ಇರುತ್ತದೆ.

ನನ್ನ ಅಂದಾಜು ಹೇಳಲಾ? ಮೇಲೆ ಎಲ್ಲೋ ‘ಕಿಲ್ಡ್’ ಎಂಬ ಪದ ಇರುತ್ತದೆ. ರ್‍ಯಾಮ್ ಪೂರ್ತಿ ತುಂಬಿದಾಗ ಲಿನಕ್ಸ್ ಕರ್ನಲ್ ಜಾಸ್ತಿ ತಿನ್ನುತ್ತಿರುವ ಪ್ರೋಗ್ರಾಮನ್ನು ಹುಡುಕಿ ಸಾಯಿಸುತ್ತದೆ. ಬಿಲ್ಡ್ ನಡೆಯುವಾಗ ಜಾಸ್ತಿ ತಿನ್ನುವುದು ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಸಿ++ ಕಂಪೈಲರ್, ಇಲ್ಲವೇ ಕೊನೆಯಲ್ಲಿ ತುಂಡುಗಳನ್ನೆಲ್ಲ ಜೋಡಿಸುವ ಲಿಂಕರ್. ‘ಡಿಮೆಸ್ಗ್’ (dmesg) ಕಮಾಂಡ್ ಕೊಟ್ಟು ನೋಡಿ, ‘ಔಟ್ ಆಫ್ ಮೆಮರಿ’ ಎಂದು ಕಂಡರೆ ಇದೇ. ನಿಮ್ಮ ಕೋಡೂ ಕೆಟ್ಟಿಲ್ಲ, ನಿಮ್ಮ ತಲೆಯೂ ಕೆಟ್ಟಿಲ್ಲ. ಮೇಕ್‌ಗೆ ಮುಂಚೆ ಬಿಲ್ಡನ್ನು ಹೊಂದಿಸುವ ಆಟೋಜೆನ್ ಓಡಿಸುವಾಗ, ಒಂದೇ ಹೊತ್ತಿಗೆ ಎಷ್ಟು ಕೆಲಸ ಎಂದು ಹೇಳುವ ಪ್ಯಾರಲಲಿಸಂ ಎನ್ನುವ ಆಯ್ಕೆ ಇದೆ. ಅದನ್ನು 2 ಎಂದು ಇಡಿ. ಒಂದು 8 ಜಿಬಿ ಸ್ವಾಪ್ ಫೈಲ್ (ಮೆಮರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಮಾಡಿಕೊಳ್ಳಿ. ತಪ್ಪು ಹುಡುಕಲು ನೆರವಾಗುವ ಡೀಬಗ್ ಆಯ್ಕೆಗಳನ್ನು ಮೊದಲ ಸಲಕ್ಕೆ ಬಿಟ್ಟುಬಿಡಿ, ಅವು ಜಾಗವನ್ನೂ ರ್‍ಯಾಮನ್ನೂ ಎರಡನ್ನೂ ನುಂಗುತ್ತವೆ. ನಿಧಾನ ಆಗುತ್ತದೆ. ಅಂಗಡಿಯ ಹಳೇ ಮೆಷೀನಿನಲ್ಲಿ ನನ್ನ ಮೊದಲ ಬಿಲ್ಡ್ ಸಂಜೆ ಏಳಕ್ಕೆ ಶುರುವಾಗಿ ಮರುದಿನ ಅಂಗಡಿ ಬಾಗಿಲು ತೆಗೆದ ಮೇಲೂ ಓಡುತ್ತಿತ್ತು. ಬೆಳಗ್ಗೆ ಮೊದಲು ಬಂದ ಗಿರಾಕಿಗೆ ಪಹಣಿ ಜೆರಾಕ್ಸ್ ಮಾತ್ರ ಮಾಡಿಕೊಟ್ಟೆ, ಟೈಪಿಂಗ್ ಮಧ್ಯಾಹ್ನ ಬನ್ನಿ ಎಂದೆ.

‘ಕಿಲ್ಡ್’ ಅಲ್ಲದೆ ‘ನೋ ಸಚ್ ಫೈಲ್’ ಎಂದು ಯಾವುದೋ ಡಾಟ್ ಎಚ್ ಫೈಲಿನ ಹೆಸರು ಕಂಡರೆ ವಿಷಯ ಬೇರೆ. ನಿಮ್ಮ ಮೆಷೀನಿನಲ್ಲಿ ಆ ಲೈಬ್ರರಿ (ಬೇರೆ ಪ್ರೋಗ್ರಾಮುಗಳು ಬಳಸುವ ಸಿದ್ಧ ಕೋಡ್) ಇರಬಹುದು, ಆದರೆ ಬಳಸುವುದಕ್ಕೆ ಮಾತ್ರ ಇದೆ. ಅದನ್ನು ಸೇರಿಸಿ ಹೊಸದನ್ನು ಕಟ್ಟಲು ಹೆಡರ್ ಫೈಲುಗಳು ಬೇಕು. ಉಬುಂಟುವಿನಲ್ಲಿ ಅವು ಕೊನೆಗೆ ‘ಡೆವ್’ ಎಂದಿರುವ ಬೇರೆ ಪ್ಯಾಕೇಜಿನಲ್ಲಿ ಬರುತ್ತವೆ. ಒಂದೊಂದೇ ಹುಡುಕಿಕೊಂಡು ಕೂರಬೇಡಿ. ಉಬುಂಟುವಿನಲ್ಲಿ ಪ್ಯಾಕೇಜ್ ಹಾಕುವ ಆಪ್ಟ್‌ನಲ್ಲಿ ‘ಬಿಲ್ಡ್-ಡೆಪ್’ ಎಂಬ ಸೌಲಭ್ಯ ಇದೆ, ಲಿಬ್ರೆಆಫೀಸ್ ಕಟ್ಟಲು ಬೇಕಾದದ್ದನ್ನೆಲ್ಲ ಒಟ್ಟಿಗೆ ಹಾಕಿಕೊಡುತ್ತದೆ. ಅದಕ್ಕೆ ಮೊದಲು ಸಾಫ್ಟ್‌ವೇರ್ ಸೋರ್ಸ್ ಪಟ್ಟಿಯಲ್ಲಿ ‘ಡೆಬ್-ಎಸ್‌ಆರ್‌ಸಿ’ ಆನ್ ಆಗಿರಬೇಕು. ಆಗಿಲ್ಲದಿದ್ದರೆ ಅದೂ ಬೈದು ಕಳಿಸುತ್ತದೆ.

ಈಗ ನಮ್ಮ ಕಡೆಯ ದೊಡ್ಡ ತೊಂದರೆ. ಕರೆಂಟು. ನಮ್ಮ ಮನೆ ಸಕಲೇಶಪುರದ ಕಡೆ. ಜುಲೈ ತಿಂಗಳ ಮಳೆಯಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಕತ್ತಲೆ. ಅಲ್ಲಿ ನನ್ನ ಎರಡನೇ ಬಿಲ್ಡ್ ಅರ್ಧಕ್ಕೇ ಹೋಯಿತು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಅದು. ಕರೆಂಟ್ ಬಂದ ಮೇಲೆ ಮತ್ತೆ ಮೇಕ್ ಕೊಟ್ಟೆ. ಸ್ವಲ್ಪ ಓಡಿ, ಯಾವುದೋ ಫೈಲ್ ಗುರುತು ಸಿಗುತ್ತಿಲ್ಲ ಎಂದು ನಿಂತಿತು. ಎಷ್ಟು ಸಲ ಕೊಟ್ಟರೂ ಅದೇ.

ಇದು ಯಾಕೆ ಹೀಗೆ ಅಂತ ತಿಳಿಯಲು ಮೇಕ್ ಹೇಗೆ ಯೋಚಿಸುತ್ತದೆ ಎಂದು ತಿಳಿಯಬೇಕಾಯಿತು. ಮೇಕ್ ಬಹಳ ಹಳೇ ಸಾಮಾನು. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದದ್ದು. ಅದು ನೋಡುವುದು ಫೈಲಿನ ವೇಳೆ ಮಾತ್ರ. ಸೋರ್ಸ್ ಫೈಲಿಗಿಂತ ಕಟ್ಟಿದ ಫೈಲ್ ಹೊಸದಾಗಿದ್ದರೆ ‘ಇದು ಆಗಿದೆ’ ಎಂದು ಮುಂದೆ ಹೋಗುತ್ತದೆ. ನಿಂತಲ್ಲಿಂದ ಮುಂದುವರಿಯುವುದು ಇದರಿಂದಲೇ. ನೀವು ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿದರೆ ಅರ್ಧ ಬರೆದ ಫೈಲನ್ನು ಮೇಕ್ ತಾನೇ ಅಳಿಸಿ ಹೋಗುತ್ತದೆ. ಕರೆಂಟ್ ಹೋದರೆ ಅಳಿಸಲು ಪುರುಸೊತ್ತೆಲ್ಲಿ? ಅರ್ಧಂಬರ್ಧ ಫೈಲ್ ಉಳಿಯುತ್ತದೆ, ವೇಳೆ ಹೊಸದು, ಒಳಗೆ ಏನೂ ಇಲ್ಲ. ಮೇಕ್ ಅದನ್ನು ನಂಬಿಬಿಡುತ್ತದೆ. ಸೊನ್ನೆ ಬೈಟ್ ಇರುವ ಆಬ್ಜೆಕ್ಟ್ ಫೈಲುಗಳನ್ನು (ಕಂಪೈಲ್ ಆದ ತುಂಡುಗಳನ್ನು) ಹುಡುಕಿ ಅಳಿಸಿದೆ. ಮತ್ತೆ ಓಡಿತು. ಅದೂ ಸಾಲದಿದ್ದರೆ ಕೆಟ್ಟ ಮಾಡ್ಯೂಲ್ ಒಂದನ್ನೇ ಕ್ಲೀನ್ ಮಾಡಬಹುದು. ಎಲ್ಲ ಅಳಿಸಿ ಮೊದಲಿಂದ ಶುರು ಮಾಡಬೇಡಿ, ಆ ತಪ್ಪು ನಾನು ಮೊದಲ ತಿಂಗಳು ಮೂರು ಸಲ ಮಾಡಿದ್ದೇನೆ.

ಇದರ ಜೊತೆ ಸಿಕ್ಯಾಶ್ ಹಾಕಿಕೊಳ್ಳಿ, ಬರೆಯುವಾಗ ಸಿ ಎರಡು. ಒಮ್ಮೆ ಕಂಪೈಲ್ ಆದದ್ದನ್ನು ಎತ್ತಿಟ್ಟುಕೊಂಡು, ಮುಂದಿನ ಸಲ ಅದೇ ಬಂದರೆ ಸುಮ್ನೆ ತೆಗೆದುಕೊಡುತ್ತದೆ. ನಮ್ಮಂಥ ಮೆಷೀನಿಗೆ ಇದು ದೊಡ್ಡ ಉಪಕಾರ. ಇನ್ನು ಸೋರ್ಸ್ ಇಳಿಸುವುದು: ರೆಪೊಸಿಟರಿ (ಇತಿಹಾಸ ಸಮೇತ ಕೋಡಿನ ಕಣಜ) ಕೆಲವು ಜಿಬಿ ಇದೆ, ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಿಂದ ಅದನ್ನು ಇಳಿಸುವ ‘ಕ್ಲೋನ್’ ಮಧ್ಯದಲ್ಲಿ ಕಡಿದರೆ ಮತ್ತೆ ಮೊದಲಿಂದ. ಮೊಬೈಲ್ ಹಾಟ್‌ಸ್ಪಾಟ್ ನಂಬಬೇಡಿ. ನಾನು ಫೈಬರ್ ಇರುವ ಸ್ನೇಹಿತನ ಮನೆಯಲ್ಲಿ ಕ್ಲೋನ್ ಮಾಡಿ ಹಾರ್ಡ್ ಡಿಸ್ಕಿನಲ್ಲಿ ಹೊತ್ತು ತಂದೆ. ಫೋಲ್ಡರ್ ಹಾಗೆಯೇ ನಕಲು ಮಾಡಿದರೂ ಗಿಟ್‌ಗೆ ಏನೂ ಬೇಜಾರಿಲ್ಲ.

ಇಷ್ಟು ಕೇಳಿ ತಲೆ ಬಿಸಿ ಆದರೆ ಒಂದು ದಿನ ಇದನ್ನು ಪಕ್ಕಕ್ಕಿಟ್ಟು ‘ಗ್ನೂ ಹಲೋ’ ಇಳಿಸಿ ಕಟ್ಟಿ ನೋಡಿ. ಅದು ಮಾಡುವ ಕೆಲಸ ‘ಹಲೋ, ವರ್ಲ್ಡ್!’ ಎಂದು ತೋರಿಸುವುದು, ಅಷ್ಟೇ. ಆದರೆ ಕಾನ್ಫಿಗರ್, ಮೇಕ್, ಪರೀಕ್ಷೆಗಳು, ಅನುವಾದದ ಫೈಲುಗಳು ಎಲ್ಲ ದೊಡ್ಡ ಪ್ರಾಜೆಕ್ಟಿನ ಹಾಗೇ ಇವೆ. ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ.

ಬಿಲ್ಡ್ ಆಯಿತು ಎಂದುಕೊಳ್ಳಿ. ‘ಇನ್‌ಸ್ಟ್‌ಡಿರ್’ ಫೋಲ್ಡರ್ ಒಳಗಿನ ‘ಸಾಫಿಸ್’ ಓಡಿಸಿ. ನೀವೇ ಕಟ್ಟಿದ ರೈಟರ್, ಅಂದರೆ ಪತ್ರ ಬರೆಯುವ ಭಾಗ, ತೆರೆಯುತ್ತದೆ. ಸಾಫಿಸ್ ಎನ್ನುವ ಹೆಸರು ನೋಡಿ, ಅದು ಸ್ಟಾರ್ ಆಫೀಸ್ ಕಾಲದ್ದು. ಜರ್ಮನಿಯ ಸ್ಟಾರ್ ಡಿವಿಷನ್ ಎಂಬ ಕಂಪನಿಯ ಸಾಫ್ಟ್‌ವೇರ್ ಅದು. 1999ರಲ್ಲಿ ಸನ್ ಕಂಪನಿ ಕೊಂಡಿತು, 2000ದಲ್ಲಿ ಕೋಡ್ ಎಲ್ಲರಿಗೂ ತೆರೆಯಿತು, ಓಪನ್ ಆಫೀಸ್ ಆಯಿತು. 2010ರಲ್ಲಿ ಅದರಿಂದ ಕವಲೊಡೆದದ್ದು ಲಿಬ್ರೆಆಫೀಸ್. ಇದನ್ನು ಹೇಳಲು ಕಾರಣ ಇದೆ. ಕೋಡಿನಲ್ಲಿ ರೈಟರ್‌ನ ಫೋಲ್ಡರ್ ಹೆಸರು ‘ಎಸ್‌ಡಬ್ಲ್ಯೂ’, ಲೆಕ್ಕಪಟ್ಟಿಯ ಕ್ಯಾಲ್ಕ್‌ನದು ‘ಎಸ್‌ಸಿ’. ಎಸ್ ಯಾಕೆ ಎಂದು ನಾನು ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಸ್ಟಾರ್ ರೈಟರ್, ಸ್ಟಾರ್ ಕ್ಯಾಲ್ಕ್.

ನನ್ನ ಮೊದಲ ಪ್ಯಾಚ್ (ಕೋಡಿಗೆ ಕಳಿಸುವ ಬದಲಾವಣೆ) ಹುಟ್ಟಿದ್ದೂ ಆ ಜರ್ಮನಿಯಿಂದಲೇ. ಕೋಡಿನ ಒಳಗೆ ಜರ್ಮನ್ ಭಾಷೆಯ ಕಾಮೆಂಟುಗಳು (ಓದುವವರಿಗೆಂದು ಬರೆದ, ಕಂಪೈಲರ್ ಬಿಟ್ಟುಬಿಡುವ ಟಿಪ್ಪಣಿಗಳು) ರಾಶಿ ಇದ್ದವು. ಅವನ್ನು ಇಂಗ್ಲಿಷಿಗೆ ತರುವುದು ಹೊಸಬರಿಗೆ ಕೊಡುತ್ತಿದ್ದ ಕೆಲಸ. ಈಗ ಅದು ಬಹುಪಾಲು ಮುಗಿದಿದೆ, ನಾನು ಹೇಳುತ್ತಿರುವುದು ಕೆಲವು ವರ್ಷದ ಹಿಂದಿನ ಮಾತು. ನನಗೆ ಜರ್ಮನ್ ಬರುವುದಿಲ್ಲ. ಆನ್‌ಲೈನ್ ಅನುವಾದಕ್ಕೆ ಹಾಕಿದೆ. ‘ಆಬ್ಸಾಟ್ಸ್’ ಎಂಬ ಪದಕ್ಕೆ ಅದು ಚಪ್ಪಲಿಯ ಹಿಮ್ಮಡಿ ಎಂದು ಅರ್ಥ ಕೊಟ್ಟಿತು. ರೈಟರ್ ಒಳಗೆ ಹಿಮ್ಮಡಿ ಯಾಕೆ ಬಂತು? ಕೆಳಗಿನ ಕೋಡ್ ಓದಿದೆ. ಪಠ್ಯವನ್ನು ಒಂದೊಂದೇ ತುಂಡಾಗಿ ದಾಟಿ ಹೋಗುತ್ತಿತ್ತು. ಜರ್ಮನ್‌ನಲ್ಲಿ ಅದೇ ಪದಕ್ಕೆ ಪ್ಯಾರಾ ಎಂಬ ಅರ್ಥವೂ ಇದೆ. ಆ ಒಂದು ಪದದ ನೆಪದಲ್ಲಿ ರೈಟರ್ ಪ್ಯಾರಾಗಳನ್ನು ಹೇಗೆ ಇಟ್ಟುಕೊಳ್ಳುತ್ತದೆ ಎಂದು ಮೊದಲ ಸಲ ಓದಿದ್ದು.

ಆಮೇಲೆ ಎಡವಿದ್ದು ಕೇಳಿ. ಕಾಮೆಂಟ್ ತಾನೇ, ಬಿಲ್ಡ್ ಮಾಡುವುದು ಯಾಕೆ ಎಂದು ಹಾಗೇ ಕಳಿಸಿದೆ. ಅನುವಾದ ಬರೆಯುವ ಭರದಲ್ಲಿ ಕಾಮೆಂಟ್ ಮುಗಿಸುವ ಗುರುತು, ಆ ನಕ್ಷತ್ರ ಮತ್ತು ಓರೆಗೆರೆ, ಅಳಿಸಿಹೋಗಿತ್ತು. ಅದರ ಕೆಳಗಿನ ಕೋಡೂ ಕಾಮೆಂಟ್ ಆಗಿಬಿಟ್ಟಿತು. ಅಲ್ಲಿ ಜೆಂಕಿನ್ಸ್ ಎಂಬ ಯಂತ್ರ ಪ್ರತಿ ಪ್ಯಾಚನ್ನೂ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಕಟ್ಟಿ ನೋಡುತ್ತದೆ. ಮೂರರಲ್ಲೂ ಕೆಂಪು. ನಾಚಿಕೆಯಿಂದ ಎರಡು ದಿನ ಆ ಪುಟ ತೆರೆಯಲಿಲ್ಲ. ತೆರೆದಾಗ ಪರಿಶೀಲಿಸುವವರು ಒಂದೇ ಸಾಲು ಬರೆದಿದ್ದರು: ಕಳಿಸುವ ಮುಂಚೆ ಒಮ್ಮೆ ಬಿಲ್ಡ್ ಮಾಡಿ. ಬೈದಿರಲಿಲ್ಲ. ಆ ಹೊತ್ತಿಗೆ ನನ್ನ ಮೆಷೀನಿನಲ್ಲಿ ಬಿಲ್ಡ್ ಸಿದ್ಧ ಇದ್ದದ್ದರಿಂದ ಆ ಒಂದು ಮಾಡ್ಯೂಲ್ ಮತ್ತೆ ಕಟ್ಟಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ನೀವು ಈಗ ಪಡುತ್ತಿರುವ ಪಾಡು ಅದಕ್ಕೋಸ್ಕರವೇ. ಬಿಲ್ಡ್ ಕೈಯಲ್ಲಿದ್ದರೆ ತಪ್ಪು ತಿದ್ದಲು ಧೈರ್ಯ ಬರುತ್ತದೆ.

ಕಳಿಸುವ ಕ್ರಮದಲ್ಲೂ ಒಂದು ಗುಂಡಿ ಇದೆ. ಗಿಟ್‌ಹಬ್‌ನಲ್ಲಿ ಲಿಬ್ರೆಆಫೀಸ್ ಕಾಣುತ್ತದೆ, ಆದರೆ ಅದು ಬರೀ ಪ್ರತಿಬಿಂಬ. ಅಲ್ಲಿ ಪುಲ್ ರಿಕ್ವೆಸ್ಟ್ (‘ನನ್ನ ಬದಲಾವಣೆ ಸೇರಿಸಿಕೊಳ್ಳಿ’ ಎಂಬ ಕೋರಿಕೆ) ಹಾಕಿದರೆ ತೆಗೆದುಕೊಳ್ಳುವುದಿಲ್ಲ. ಕೆಲಸ ನಡೆಯುವುದು ಪ್ಯಾಚ್ ಪರಿಶೀಲಿಸುವ ಗೆರಿಟ್ ಎಂಬ ತಾಣದಲ್ಲಿ. ಪರಿಶೀಲಿಸುವವರು ತಿದ್ದಲು ಹೇಳಿದಾಗ ಹೊಸ ಕಮಿಟ್ (ಗಿಟ್‌ನಲ್ಲಿ ದಾಖಲಾದ ಬದಲಾವಣೆ) ಸೇರಿಸಬಾರದು, ಅದೇ ಕಮಿಟನ್ನು ‘ಅಮೆಂಡ್’, ಅಂದರೆ ತಿದ್ದುಪಡಿ, ಮಾಡಿ ಕಳಿಸಬೇಕು. ಕಮಿಟ್ ಸಂದೇಶದ ಕೆಳಗೆ ‘ಚೇಂಜ್-ಐಡಿ’ ಎಂಬ ಸಾಲು ತಾನಾಗಿ ಕೂತಿರುತ್ತದೆ, ಅದನ್ನು ಮುಟ್ಟಬೇಡಿ. ಅದರಿಂದಲೇ ಗೆರಿಟ್‌ಗೆ ಇದು ಹಳೇ ಪ್ಯಾಚಿನ ಹೊಸ ರೂಪ ಎಂದು ಗೊತ್ತಾಗುವುದು. ನನ್ನ ಕೋಡನ್ನು ಎಂಪಿಎಲ್ 2 ಮತ್ತು ಎಲ್‌ಜಿಪಿಎಲ್ 3 ಎಂಬ ಮುಕ್ತ ಸಾಫ್ಟ್‌ವೇರ್ ಪರವಾನಗಿಗಳಡಿ ಬಳಸಬಹುದು ಎಂದು ಒಂದು ಇಮೇಲ್ ಕೂಡ ಕೊಡಬೇಕು. ಒಂದೇ ಸಲ, ಎರಡು ನಿಮಿಷದ ಕೆಲಸ. ಸ್ಟ್ಯಾಂಪ್ ಪೇಪರ್ ಬೇಡ!

ಏನು ಮಾಡಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ತಪ್ಪುಗಳನ್ನು (ಬಗ್) ದಾಖಲಿಸುವ ಅವರ ಬಗ್‌ಜಿಲ್ಲಾ ತಾಣದಲ್ಲಿ ‘ಈಸಿ ಹ್ಯಾಕ್’ ಎಂದು ಗುರುತು ಹಾಕಿದ ಕೆಲಸಗಳಿವೆ, ಹೊಸಬರಿಗೆ ಯಾವುದು, ಸಿ++ ಬೇಕಾದದ್ದು ಯಾವುದು ಎಂದೂ ಬರೆದಿರುತ್ತದೆ. ಅಲ್ಲಿಂದ ಶುರು ಮಾಡಬಹುದು. ನನಗೆ ಅದಕ್ಕಿಂತ ಒಳ್ಳೆಯದು ಅನಿಸಿದ್ದು ಕನ್ನಡದ ಕಡೆಯಿಂದ ಹೋಗುವುದು. ಅಂಗಡಿಯಲ್ಲಿ ನನಗೆ ದಿನಾ ಒತ್ತಕ್ಷರದ್ದೇ ಜಗಳ. ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು, ಯುನಿಕೋಡಿನಲ್ಲಿ ಮಾಡಿದ್ದು, ಎರಡೂ ಒಂದೇ ಪೆನ್‌ಡ್ರೈವಿನಲ್ಲಿ ಬರುತ್ತದೆ. 2017ರಲ್ಲಿ ಬಂದ ಲಿಬ್ರೆಆಫೀಸ್ 5.3ರಿಂದ ಎಲ್ಲ ಸಿಸ್ಟಂಗಳಲ್ಲೂ ಅಕ್ಷರ ಜೋಡಿಸುವ ಕೆಲಸ ಹಾರ್ಫ್‌ಬಜ್ ಎಂಬ ಲೈಬ್ರರಿಯದು. ಅದಕ್ಕೂ ಮುಂಚೆ ವಿಂಡೋಸ್‌ನಲ್ಲಿ ಒಂದು, ಲಿನಕ್ಸ್‌ನಲ್ಲಿ ಇನ್ನೊಂದು. ‘ಸ್ತ್ರೀ’, ‘ರಾಷ್ಟ್ರ’, ‘ಕ್ಷ್ಮಿ’ ಇಂಥವು ಸರಿ ಕಾಣುತ್ತವಾ ಎಂದು ನೋಡಲು ಕನ್ನಡ ಓದುವ ಕಣ್ಣು ಬೇಕು. ಅಲ್ಲಿ ನೂರಾರು ಜನ ಸಿ++ ಗೊತ್ತಿರುವವರಿದ್ದಾರೆ, ಆ ಕಣ್ಣು ಇರುವವರು ಕಡಿಮೆ. ಹೊಸ ಬಿಲ್ಡಿನಲ್ಲಿ ದಿನಾ ಒಂದು ಕನ್ನಡ ಪತ್ರ ತೆರೆದು, ಕೆಟ್ಟದ್ದು ಕಂಡರೆ ಫೈಲ್ ಸಮೇತ, ಫಾಂಟಿನ ಹೆಸರು ಸಮೇತ ಬಗ್ ಬರೆಯಿರಿ. ಅದೂ ಕೊಡುಗೆಯೇ. ಕೋಡ್ ತಾನಾಗಿ ಹಿಂದೆ ಬರುತ್ತದೆ.

ಒಂದು ಮಾಡಬೇಡಿ: ಸರ್ಟಿಫಿಕೇಟಿಗೋ ಟೀ ಶರ್ಟಿಗೋ ರೀಡ್‌ಮೀ ಫೈಲಿನಲ್ಲಿ ಒಂದು ಪದ ಆಚೀಚೆ ಮಾಡಿ ಕಳಿಸುವುದು. ಮುಕ್ತ ಸಾಫ್ಟ್‌ವೇರ್‌ಗೆ ಕೋಡ್ ಕೊಟ್ಟವರಿಗೆ ಟೀ ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ 2020ರಲ್ಲಿ ಇಂಥ ಕಸ ಎಷ್ಟು ಬಂತೆಂದರೆ, ಪ್ರಾಜೆಕ್ಟಿನವರು ತಾವಾಗಿ ಒಪ್ಪಿದ್ದರೆ ಮಾತ್ರ ಲೆಕ್ಕಕ್ಕೆ ಎಂದು ನಿಯಮವನ್ನೇ ಬದಲಾಯಿಸಿದರು. ರೆಸ್ಯೂಮೆಯಲ್ಲಿ ಸಾಲು ಸೇರುತ್ತದೆ ನಿಜ, ಆದರೆ ಸಂದರ್ಶನದಲ್ಲಿ ‘ಇದು ಹೇಗೆ ಬಿಲ್ಡ್ ಆಗುತ್ತದೆ’ ಎಂದು ಕೇಳಿದರೆ ಬಾಯಿ ಬಾಯಿ ಬಿಡಬೇಕಾಗುತ್ತದೆ.

ಇವತ್ತು ರಾತ್ರಿ ಪ್ಯಾರಲಲಿಸಂ 2 ಇಟ್ಟು, ಸ್ವಾಪ್ ಮಾಡಿ, ಮತ್ತೆ ಮೇಕ್ ಕೊಡಿ. ಇಲ್ಲಿಯವರೆಗೆ ಆದದ್ದನ್ನು ಅಳಿಸಬೇಡಿ. ಬೆಳಗ್ಗೆ ಮತ್ತೆ ನಿಂತಿದ್ದರೆ ಕೊನೆಯ ಸಾಲು ಬೇಡ, ಮೊದಲು ‘ಎರರ್’ ಎಂದು ಕಂಡ ಸಾಲು ಮತ್ತು ಅದರ ಮೇಲಿನ ಹತ್ತು ಸಾಲು ಇಲ್ಲಿ ಕೆಳಗೆ ಹಾಕಿ, ನೋಡುತ್ತೇನೆ. ಮತ್ತೆ, ಲ್ಯಾಪ್‌ಟಾಪನ್ನು ಕಂಬಳಿ ಮೇಲೆ ಇಟ್ಟು ಮಲಗಬೇಡಿ. ಗಟ್ಟಿ ಮೇಜಿನ ಮೇಲಿಡಿ, ರಾತ್ರಿಯೆಲ್ಲ ಫ್ಯಾನ್ ಓಡುತ್ತದೆ.