ದುಡ್ಡಿನ ಲೆಕ್ಕ ನೋಡುವ ಕೆಲಸದಲ್ಲಿ ನಗು ಬರುವಂಥದ್ದು ಏನಿರುತ್ತದೆ?

ನೆಂಟರಿಷ್ಟರ ಉಳಿತಾಯ, ಸಾಲ, ಇನ್ಶೂರೆನ್ಸ್ ಲೆಕ್ಕ ನೋಡಿಕೊಡುವವರಿಗೆ ಬರೀ ಅಂಕಿಸಂಖ್ಯೆಯೇ ಗತಿಯೇ, ನಗುವುದಕ್ಕೂ ಏನಾದರೂ ಸಿಗುತ್ತದೆಯೇ ಅಂತ ಕೇಳಿದ್ದೀರಿ.

ಬೇಕಾದಷ್ಟು ಸಿಗುತ್ತದೆ. ನನಗೆ ಈ ಕೆಲಸ ಹಿಡಿಸಿರುವುದೇ ಅದಕ್ಕೆ. ಪಾಸ್‌ಬುಕ್ಕು, ಪಾಲಿಸಿ ಕಾಗದ ಹರಡಿಕೊಂಡು ಕೂತರೆ ಸಾಕು, ಅಲ್ಲಿಯವರೆಗೆ ಯಾರೂ ಬಾಯಿಬಿಡದ ಸಂಗತಿಗಳೆಲ್ಲ ಒಂದೊಂದಾಗಿ ಹೊರಬೀಳುತ್ತವೆ.

2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾಯಿತಲ್ಲ, ಆಗಂತೂ ಬೇಳೆ ಡಬ್ಬಿ, ಸೀರೆ ಮಡಿಕೆಗಳಿಂದ ಎಷ್ಟು ಗುಟ್ಟು ಈಚೆ ಬಂತೋ! ನಮ್ಮ ಸೋದರತ್ತೆ ಒಂದು ಕಟ್ಟು ನೋಟು ತಂದು ಮಾವನ ಮುಂದಿಟ್ಟರು. ಮಾವ ಹಿಂದೊಮ್ಮೆ ಎದುರುಮನೆ ಅಜ್ಜಿಯ ಹತ್ತಿರ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಕೈಸಾಲ ಮಾಡಿದ್ದರು. ವರ್ಷಕ್ಕೆ ಶೇಕಡಾ 24. ತಿಂಗಳು ತಪ್ಪದೆ ಕಟ್ಟಿ ತೀರಿಸಿದ್ದೂ ಆಗಿತ್ತು. ಅಜ್ಜಿಯ ಕೈಯಲ್ಲಿ ಆ ಸಾಲ ಕೊಡಿಸಿದ್ದು ಅತ್ತೆಯೇ, ಅತ್ತೆಯ ದುಡ್ಡೇ! "ಹಾಗಾದ್ರೆ ನಾನು ಕಟ್ಟಿದ ಬಡ್ಡಿ?" ಅಂದರು ಮಾವ. "ನಿಮ್ಮ ಮಗನ ಕಾಲೇಜು ಫೀಸಿಗೆ ಹೋಯ್ತು ಕಣ್ರೀ" ಅಂದರು ಅತ್ತೆ. ಮನೆಯ ಸಾಲವನ್ನು ಇಷ್ಟು ಶಿಸ್ತಾಗಿ ವಸೂಲು ಮಾಡಿದವರನ್ನು ನಾನು ಬೇರೆ ಕಂಡಿಲ್ಲ.

ಇನ್ನೊಬ್ಬರು ನಿವೃತ್ತ ಮೇಷ್ಟ್ರು. ಪಿಪಿಎಫ್ ಅನ್ನುವ ಸರ್ಕಾರಿ ಉಳಿತಾಯ ಯೋಜನೆಯಲ್ಲಿ ತಿಂಗಳ 5ನೇ ತಾರೀಕಿನಿಂದ ಕೊನೆಯ ದಿನದವರೆಗೆ ಇರುವ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಬಡ್ಡಿ. ಒಂದೂವರೆ ಲಕ್ಷವನ್ನು ಏಪ್ರಿಲ್ 5ರ ಬದಲು 6ಕ್ಕೆ ಹಾಕಿದರೆ, 7.1ರ ದರದಲ್ಲಿ ಸುಮಾರು 887 ರೂಪಾಯಿ ಹೋಯಿತು. ಇದನ್ನು ಹೇಳಿಕೊಟ್ಟ ಮೇಲೆ ಏಪ್ರಿಲ್ ಬಂತೆಂದರೆ ಅವರೇ ನನಗೆ ಫೋನ್ ಮಾಡುತ್ತಾರೆ: "ಹಾಕಿದ್ಯೇನಪ್ಪಾ? ನಾಳೆ ಐದು!" ಹೋಮ್‌ವರ್ಕ್ ಕೇಳುವ ಅದೇ ದನಿ.

ಚೀಟಿ ಕೂಗುವ ದಿನವನ್ನೂ ಬಿಡುವಂತಿಲ್ಲ. 20 ಜನ, ತಲೆಗೆ ಐದು ಸಾವಿರ, ಒಟ್ಟು ಒಂದು ಲಕ್ಷ. ಯಾರು ಹೆಚ್ಚು ಬಿಟ್ಟುಕೊಡುತ್ತಾರೋ ಅವರಿಗೆ ಚೀಟಿ. ಪಕ್ಕದವರ ಮುಖ ನೋಡಿಯೇ ಅವರಿಗೆ ಈ ತಿಂಗಳು ದುಡ್ಡಿನ ಅವಸರ ಎಷ್ಟಿದೆ ಅಂತ ಅಳೆಯುವ ಹೆಂಗಸರಿದ್ದಾರೆ.

ನನಗೆ ತುಂಬ ಪ್ರಿಯವಾದದ್ದು ದುಡ್ಡಿಗೆ ಹೆಸರಿಡುವ ಅಭ್ಯಾಸ. ಒಬ್ಬರು 14 ಪರ್ಸೆಂಟಿಗೆ ಸಾಲ ತೀರಿಸುತ್ತಿದ್ದರು, ಬ್ಯಾಂಕಿನಲ್ಲಿ 7 ಪರ್ಸೆಂಟಿನ ಎಫ್‌ಡಿ ಇತ್ತು. ಅದನ್ನು ಮುರಿಯಿರಿ ಅಂದರೆ, "ಅಯ್ಯೋ, ಅದು ಮಗಳ ಮದುವೆ ದುಡ್ಡು!" ಹೀಗೆ ಮನಸ್ಸಿನಲ್ಲೇ ಬೇರೆ ಬೇರೆ ಖಾತೆ ಇಟ್ಟುಕೊಳ್ಳುವುದರ ಬಗ್ಗೆ ರಿಚರ್ಡ್ ಥೇಲರ್ ಬರೆದಿದ್ದಾರೆ, 2017ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಲೆಕ್ಕದಲ್ಲಿ ಎಫ್‌ಡಿ ಮುರಿಯುವುದೇ ಸರಿ. ಆದರೆ ಒಮ್ಮೆ ಮುರಿದ ಮದುವೆ ದುಡ್ಡು ಮತ್ತೆ ಕೂಡುವುದಿಲ್ಲ ಅನ್ನುವ ಅವರ ಭಯವೂ ಸುಳ್ಳಲ್ಲ. ಅದಕ್ಕೇ ಎಫ್‌ಡಿ ಮೇಲೇ ಸಾಲ ತೆಗೆಸಿದೆವು. ಎಫ್‌ಡಿ ಬಡ್ಡಿಗಿಂತ ಸಾಮಾನ್ಯವಾಗಿ ಒಂದೆರಡು ಪರ್ಸೆಂಟ್ ಜಾಸ್ತಿ ಆಗುತ್ತದೆ, ಅಷ್ಟೇ. ಹಳೆ ಸಾಲ ತೀರಿತು, ಮದುವೆ ದುಡ್ಡು ಮದುವೆ ದುಡ್ಡಾಗಿಯೇ ಉಳಿಯಿತು. ಮಗಳಿಗೆ ಆಗಿನ್ನೂ ನಾಲ್ಕು ವರ್ಷ.