ಕಲಬುರಗಿಯಲ್ಲಿ ಮಾಳಿಗೆ ಮೇಲಿನ ರೂಮನ್ನು ಗಂಡಸರ ಆಟದ ಕೋಣೆ ಮಾಡಬಹುದೇ?

ಮಾಳಿಗೆ ಮೇಲೆ 12 ಅಡಿಗೆ 14 ಅಡಿ ಖಾಲಿ ರೂಮ್. ಅದರಲ್ಲಿ ಟಿವಿ, ಕೇರಂ, ಟೇಬಲ್ ಟೆನಿಸ್, ಒಂದು ಕೂಲರ್. ಮನೆಯವರ ಗದ್ದಲ ಮೇಲೆ ಬರಬಾರದು, ಗೆಳೆಯರ ಜೊತೆ ಹಾಯಾಗಿ ಕೂರಬೇಕು. ಇಷ್ಟೇ ಅಲ್ವಾ ನಿಮ್ಮ ಆಸೆ? 2017ರಲ್ಲಿ ನನ್ನದೂ ಇದೇ ಆಗಿತ್ತು, ರೂಮಿನ ಅಳತೆ ಕೂಡ ಹೆಚ್ಚುಕಡಿಮೆ ಇಷ್ಟೇ.

ನಮ್ಮ ಮನೆ ಸೇಡಂ ರಸ್ತೆ ಕಡೆ. ಮೇಲಿನ ರೂಮಿಗೆ ಎರಡು ಕಿಟಕಿ ಇದ್ದವು, ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಪಶ್ಚಿಮದ ಗೋಡೆಗೆ ಟಿವಿ ಹಾಕಬೇಕಿತ್ತು. ಕಿಟಕಿ ಮುಚ್ಚು ಅಂತ ಗೌಂಡಿಗೆ ಹೇಳಿದೆ. ಅವನು ಕರಣೆ ಕೆಳಗಿಟ್ಟು, ‘ಮುಚ್ಚಬ್ಯಾಡ್ರಿ ಸರ, ಗಾಳಿ ಹೋಗ್ಲಾಕ ಜಾಗ ಬೇಕ್ರಿ’ ಅಂದ. ಸಂಜೆ ಬಿಸಿಲು ಬರೋದೇ ಆ ಕಡೆಯಿಂದ, ಮುಚ್ಚಿದರೆ ತಂಪು ಅಂತ ನಾನು ವಾದ ಮಾಡಿ ಮುಚ್ಚಿಸಿದೆ.

ನನ್ನ ದುಡ್ಡು ಹಾಳು ಮಾಡಿದ್ದು ಆ ಒಂದು ಕಿಟಕಿ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಕೂಲರ್ ಎಸಿ ಅಲ್ಲ. ಎಸಿಗೆ ರೂಮ್ ಮುಚ್ಚಬೇಕು, ಕೂಲರ್‌ಗೆ ತೆರೆಯಬೇಕು. ಹೊರಗಿನ ಒಣ ಗಾಳಿಯನ್ನು ಕೂಲರ್ ಒದ್ದೆ ಹುಲ್ಲಿನ ಮೂಲಕ ಎಳೆಯುತ್ತದೆ. ನೀರು ಆವಿಯಾಗುವಾಗ ಗಾಳಿಯ ಬಿಸಿ ಹೀರಿಕೊಳ್ಳುತ್ತದೆ, ಗಾಳಿ ತಣ್ಣಗಾಗುತ್ತದೆ. ಆದರೆ ಆ ಆವಿ ಗಾಳಿಯಲ್ಲೇ ಇರುತ್ತದೆ. ಅದು ಎದುರಿನ ಕಿಟಕಿಯಿಂದ ಹೊರಗೆ ಹೋದರೆ ಮಾತ್ರ ಹೊಸ ಗಾಳಿಗೆ ಒಳಗೆ ಜಾಗ. ನಮ್ಮಲ್ಲಿ ಪೂರ್ವದ ಕಿಟಕಿಗೆ ಕೂಲರ್, ಬಾಗಿಲೂ ಅದೇ ಗೋಡೆಯಲ್ಲಿ. ಬಾಗಿಲು ತೆರೆದರೆ ತಂಪು ಗಾಳಿ ಅಲ್ಲೇ ತಿರುಗಿ ಹೊರಗೆ ಹೋಗುತ್ತಿತ್ತು, ಟಿವಿ ಹತ್ತಿರ ಕೂತವನಿಗೆ ಏನೂ ಸಿಗುತ್ತಿರಲಿಲ್ಲ. ಮುಚ್ಚಿದರೆ ಅರ್ಧ ಗಂಟೆಯಲ್ಲಿ ಮೈ ಜಿಗಿಜಿಗಿ.

ಏಪ್ರಿಲ್, ಮೇನಲ್ಲಿ ನಮ್ಮ ಊರಿನ ಬಿಸಿಲು 42, 43 ಡಿಗ್ರಿ. ಹಗಲೆಲ್ಲಾ ಕಾದ ಸ್ಲ್ಯಾಬ್ ರಾತ್ರಿಯೂ ಬಿಸಿ ಬಿಡುತ್ತದೆ. ಕೆಳಗೆ ತೇವ, ಮೇಲೆ ಕಾವು. ಗೆಳೆಯರು ಎರಡು ವಾರ ಬಂದರು, ಆಮೇಲೆ ಒಬ್ಬೊಬ್ಬರಾಗಿ ಬಿಟ್ಟರು.

ಕೇರಂ ಬೋರ್ಡ್‌ದು ಇನ್ನೂ ಬೇಜಾರು. ಆಸೆಪಟ್ಟು ತಂದ ದಪ್ಪ ಪ್ಲೈವುಡ್ ಬೋರ್ಡ್. ಪೌಡರ್ ಹಾಕಿದರೆ ಹರಡುತ್ತಿರಲಿಲ್ಲ, ಬೆರಳಿಗೆ ಮುದ್ದೆಯಾಗಿ ಅಂಟುತ್ತಿತ್ತು. ಜೂನ್ ಹೊತ್ತಿಗೆ ಒಂದು ಮೂಲೆ ಉಬ್ಬಿತು. ಆ ಪಾಕೆಟ್ ಕಡೆ ಹೊಡೆದ ಕಾಯಿ ನಾಲ್ಕು ಬೆರಳು ದೂರದಲ್ಲೇ ನಿಂತುಬಿಡುತ್ತಿತ್ತು.

ಮುಂದಿನ ವರ್ಷ ಅದೇ ಗೌಂಡಿಯನ್ನು ಕರೆದು ಗೋಡೆ ಒಡೆಸಿದೆ. ಕಿಟಕಿ ಮತ್ತೆ ಬಂತು, ಅದರ ಮೇಲೆ ಬಿಸಿಲು ಬೀಳದಂತೆ ಒಂದು ಸಜ್ಜಾ. ಸ್ಲ್ಯಾಬ್ ಮೇಲೆ ಸುಣ್ಣ ಬಳಿಸಿದೆ. ಟಿವಿ ಉತ್ತರದ ಗೋಡೆಗೆ ಹೋಯಿತು. ಮೊದಲೇ ಅಲ್ಲಿ ಹಾಕಿದ್ದರೆ ಈ ಖರ್ಚೇ ಇರುತ್ತಿರಲಿಲ್ಲ.

ಟೇಬಲ್ ಟೆನಿಸ್ ಬಿಟ್ಟುಬಿಡಿ. ಟೇಬಲ್ಲೇ 9 ಅಡಿ ಉದ್ದ, 5 ಅಡಿ ಅಗಲ. ನಿಮ್ಮ 14 ಅಡಿಯಲ್ಲಿ ಆಚೆ ಈಚೆ ಎರಡೂವರೆ ಅಡಿ ಉಳಿಯುತ್ತದೆ, ಬ್ಯಾಟ್ ಬೀಸಿದರೆ ಮೊಣಕೈ ಗೋಡೆಗೆ. ಮಾಳಿಗೆ ಮೇಲೆ ತಗಡಿನ ಶೆಡ್ ಹಾಕಿ ರೂಮ್ ದೊಡ್ಡದು ಮಾಡೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ತಗಡು ಸ್ಲ್ಯಾಬಿಗಿಂತ ಬೇಗ ಕಾಯುತ್ತದೆ.

ಇನ್ನು ‘ಗಂಡಸರದ್ದೇ ರೂಮ್’ ಅನ್ನುವ ಮಾತು. ನನಗೆ ಅದು ಬೇಡ ಅನ್ನಿಸುತ್ತದೆ. ರೂಮ್ ರೆಡಿಯಾದ ದಿನ ಅಪ್ಪನನ್ನು ಮೇಲೆ ಕರೆದೆ. ಮೊಣಕಾಲು ಹಿಡಿದುಕೊಂಡು ನಾಲ್ಕು ಮೆಟ್ಟಿಲು ಹತ್ತಿ ನಿಂತರು. ‘ನನಗ ಆಗಂಗಿಲ್ಲಪ್ಪ, ನೀವು ಆಡ್ರಿ’ ಅಂದು ಇಳಿದುಬಿಟ್ಟರು. ನನಗೆ ಕೇರಂ ಕಲಿಸಿದ್ದೇ ಅವರು. ಮನೆಯ ಹಿರಿಯ ಗಂಡಸೇ ಬರಲಾಗದ ಜಾಗವನ್ನು ಗಂಡಸರ ರೂಮ್ ಅಂತ ಹೇಗೆ ಕರೆಯೋದು?

ಈಗ ಹೊಸ ಬೋರ್ಡ್ ಕೆಳಗೆ ಪಡಸಾಲೆಯಲ್ಲಿದೆ. ಶಹಾಬಾದ್ ಫರ್ಸಿ ಹಾಸಿದ ನೆಲ, ಮೇ ತಿಂಗಳಲ್ಲೂ ಅಂಗಾಲಿಗೆ ತಣ್ಣಗೆ. ಬೋರ್ಡಿನ ಮೇಲೆ ಒಂದು ಬಲ್ಬ್ ಇಳಿಬಿಟ್ಟಿದ್ದೇವೆ. ಅಪ್ಪ ಗೋಡೆಗೆ ಒರಗಿ ಕುರ್ಚಿಯಲ್ಲಿ ಕೂರುತ್ತಾರೆ, ನನ್ನ ಹೆಂಡತಿ ಎದುರು ಕೂರುತ್ತಾಳೆ, ಗೆಳೆಯರು ಸಂಜೆ ಮಿರ್ಚಿ ಭಜಿ ಕಟ್ಟಿಸಿಕೊಂಡು ಬರುತ್ತಾರೆ. ಮೇಲಿನ ರೂಮಿಗೆ ಕ್ರಿಕೆಟ್ ಮ್ಯಾಚ್ ಇದ್ದಾಗ ಮಾತ್ರ ಹೋಗುತ್ತೇವೆ.

ನಿಮ್ಮ ರೂಮಿನ ಬಾಗಿಲು, ಕಿಟಕಿ ಯಾವ ಯಾವ ಗೋಡೆಯಲ್ಲಿವೆ ಅಂತ ಬರೆಯಿರಿ. ಕೂಲರ್ ಎಲ್ಲಿಡಬೇಕು ಅಂತ ಹೇಳುತ್ತೇನೆ. ಅಲ್ಲಿಯವರೆಗೆ ಗೌಂಡಿಗೆ ಅಡ್ವಾನ್ಸ್ ಕೊಡಬೇಡಿ.