ಮೊರಾಕನ್ ಎಂದರೆ ಜನವೋ, ಭಾಷೆಯೋ, ಟೈಲ್ಸೋ?

ಟೈಲ್ಸ್ ಅಂಗಡಿಯಲ್ಲಿ ‘ಮೊರಾಕನ್’ ಎಂಬ ಪದ ಕೇಳಿದೆ, ಅದು ಜನರ ಹೆಸರೋ, ಭಾಷೆಯೋ, ವಿನ್ಯಾಸವೋ ಎಂದು ಕೇಳಿದ್ದೀರಿ. ನಾನೂ ಅಲ್ಲಿಯೇ ಎಡವಿದವನು. ಅಡುಗೆಮನೆಯ ಗೋಡೆಗೆಂದು ‘ಮೊರಾಕನ್’ ಟೈಲ್ಸ್ ಕೊಂಡು ತಂದರೆ, ಪೆಟ್ಟಿಗೆಯ ಮೇಲಿದ್ದದ್ದು ಗುಜರಾತಿನ ಮೋರ್ಬಿಯ ವಿಳಾಸ! ಮೋಸವೇನಲ್ಲ. ನಕ್ಷತ್ರ, ಬಹುಕೋನಗಳ ಆ ಚಿತ್ತಾರ ಮೊರಾಕ್ಕೊದ್ದು, ಅಚ್ಚು ಹಾಕಿದ್ದು ಮಾತ್ರ ಇಲ್ಲಿ. ಮೂಲದಲ್ಲಿ ಅದು ಅಚ್ಚಿನ ಕೆಲಸವೇ ಅಲ್ಲ. ಫೆಜ್ ನಗರದ ಕುಶಲಕರ್ಮಿಗಳು ಬಣ್ಣದ ಮೆರುಗು ಕೊಟ್ಟ ಮಣ್ಣಿನ ಬಿಲ್ಲೆಯನ್ನು ಸುತ್ತಿಗೆಯಿಂದ ಬೇಕಾದ ಆಕಾರಕ್ಕೆ ಒಡೆದು, ಚೂರಿಗೆ ಚೂರು ಜೋಡಿಸುತ್ತಾರೆ. ಅದರ ಹೆಸರು ಜೆಲ್ಲೀಜ್.

ಪದದ ಅರ್ಥ ಸರಳ: ಮೊರಾಕ್ಕೊ ದೇಶದ, ಅಥವಾ ಆ ದೇಶದವರು. ಕನ್ನಡದಲ್ಲಿ ಬರೆಯುವಾಗ ‘ಮೊರಾಕನ್ ತಂಡ’ ಎನ್ನುವ ಅಗತ್ಯವೂ ಇಲ್ಲ. 2022ರಲ್ಲಿ ವಿಶ್ವಕಪ್ ಫುಟ್‌ಬಾಲ್‌ನ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕಾ ತಂಡ ‘ಮೊರಾಕ್ಕೊ ತಂಡ’ ಎಂದರೆ ಮುಗಿಯಿತು. ಭಾಷೆಗೆ ಮಾತ್ರ ಈ ಪದ ಅಂಟಿಸಬೇಡಿ. ಅಲ್ಲಿನ ಬೀದಿಯ ಮಾತು ದಾರಿಜಾ ಎಂಬ ಅರಬ್ಬಿ. ಜೊತೆಗೆ ಅಮಾಜಿಗ್ ಇದೆ. 2011ರ ಸಂವಿಧಾನ ಅದಕ್ಕೂ ಅಧಿಕೃತ ಭಾಷೆಯ ಸ್ಥಾನ ಕೊಟ್ಟಿತು.

ನನಗೆ ಸ್ವಾರಸ್ಯವೆನಿಸುವುದು ಬೇರೆ. ಅರಬ್ಬಿಯಲ್ಲಿ ಮಾತನಾಡುವಾಗ ಅಲ್ಲಿನವರು ತಮ್ಮನ್ನು ಮೊರಾಕನ್ ಎನ್ನುವುದಿಲ್ಲ. ದೇಶ ‘ಅಲ್ ಮಗ್ರಿಬ್’, ಅಂದರೆ ಸೂರ್ಯ ಮುಳುಗುವ ಕಡೆ. ನಮ್ಮೂರಿನ ಮಸೀದಿಗಳಲ್ಲಿ ಸಂಜೆಯ ನಮಾಜಿಗೂ ಇದೇ ಹೆಸರು. ಜನ ‘ಮಗ್ರಿಬಿ’ಗಳು, ಪಂಜಾಬಿ ಎಂದಂತೆ. ಮೊರಾಕ್ಕೊ ಎಂಬುದು ಮರ್ರಾಕೆಶ್ ನಗರದ ಹೆಸರನ್ನು ಯುರೋಪಿನವರು ತಿರುಚಿ ಇಡೀ ದೇಶಕ್ಕೆ ಹೊದಿಸಿದ್ದು. ತುರ್ಕಿಯವರೂ ಇದನ್ನೇ ಮಾಡಿದರು, ಆದರೆ ಫೆಜ್ ಹಿಡಿದು ‘ಫಾಸ್’ ಎಂದರು. ಇಂದಿನ ರಾಜಧಾನಿ ಇವೆರಡೂ ಅಲ್ಲ, ರಬಾತ್! 1973ರವರೆಗೆ ಬೀದರಿನವರೂ ಮೈಸೂರು ರಾಜ್ಯದವರೇ ಆಗಿದ್ದ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ.

ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದು, ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂದು ಬರೆದ ಇಬ್ನ್ ಬತೂತನನ್ನು ಈಗ ಎಲ್ಲರೂ ಮೊರಾಕನ್ ಪ್ರವಾಸಿ ಎನ್ನುತ್ತಾರೆ. ಅವನ ಹೆಸರಿನ ಕೊನೆಯಲ್ಲಿ ಇದ್ದದ್ದು ‘ತಂಜಿ’. ಹುಟ್ಟೂರು ತಂಜಾದವನು ಎಂದಷ್ಟೇ ಅದರ ಅರ್ಥ.